ಕಾಡಿನಲ್ಲಿ ಚೆಲ್ಲಿದ ಚರಗ

ವಿಜಯಪುರ, ಹಿತ್ತಲು

ಮಗಳ ಫೋನು ಬಂದಾಗ ನಾನು ಹಿತ್ತಲಲ್ಲಿ ಕುಳಿತು ಸಜ್ಜೆ ಹಸನು ಮಾಡುತ್ತಿದ್ದೆ. ಟಿಕೋಟಾದ ಹೊಲದಿಂದ ಮೈದುನ ಕಳಿಸಿದ ಈ ವರ್ಷದ ಸಜ್ಜೆ. ಅರ್ಧ ಚೀಲ ಕೇರಿ ಮುಗಿದಿತ್ತು. ಗುಬ್ಬಿಗಳು ಹೊಟ್ಟಿನ ಸುತ್ತ ಜಗಳಾಡುತ್ತಿದ್ದವು. ಕೈ ಒರೆಸಿಕೊಂಡು ಫೋನು ಕಿವಿಗಿಟ್ಟರೆ, ಊಟ ಆಯಿತೇ ಎನ್ನುವ ಮಾತೂ ಇಲ್ಲದೆ ಶೈಲಾ ನೇರವಾಗಿ ಹೇಳಿದಳು: "ಯವ್ವಾ, ನಿನ್ನ ವೀಸಾ ಬಂತು. ಚೀಲಾ ಕಟ್ಟು."

ಶೈಲಾ ನನ್ನ ಒಬ್ಬಳೇ ಮಗಳು. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಮಹಾಂತೇಶ ಬಬಲೇಶ್ವರದವರು, ಅಲ್ಲಿ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಇಬ್ಬರು ಹೆಣ್ಣುಮಕ್ಕಳು. ಗೌರಿಗೆ ಐದು ವರ್ಷ, ನೀಲಾಗೆ ಎರಡು.

ನಾನು ಹೊರಟದ್ದು ದೇಶ ನೋಡಲಿಕ್ಕಲ್ಲ, ಗೌರಿಯ ಸಲುವಾಗಿ. ಬೇಸಿಗೆಯಲ್ಲಿ ಅವಳು ಜಾರುಬಂಡಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು. ಅದನ್ನು ಬಿಚ್ಚಿ ತಿಂಗಳುಗಳಾಗಿದ್ದವು. ಎಲುಬು ಚೆನ್ನಾಗಿ ಕೂಡಿದೆ, ಕಾಲಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಮಗು ಏನನ್ನಾದರೂ ಹಿಡಿದುಕೊಳ್ಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಗೋಡೆ, ಕುರ್ಚಿ, ಯಾರದೋ ಕೈ, ಏನಾದರೊಂದು ಬೇಕು. ಇಲ್ಲದಿದ್ದರೆ ನಿಂತಲ್ಲೇ ಕುಳಿತುಬಿಡುವಳು. ರಜೆ ಮುಗಿದ ಮೇಲೆ ಶಾಲೆಗೆ ಹೋಗಬೇಕು. ಅಲ್ಲಿ ಇಡೀ ದಿನ ಯಾರು ಕೈ ಹಿಡಿದುಕೊಂಡಿರುತ್ತಾರೆ?

"ಒತ್ತಾಯ ಮಾಡಬ್ಯಾಡ್ರಿ, ಹುಡುಗೂರು ಆಡೂ ಜಾಗಾಕ್ಕ ಕರಕೊಂಡ ಹೋಗ್ರಿ ಅಂತ ಡಾಕ್ಟರ್ ಅಂದಾರ" ಎಂದಳು ಶೈಲಾ. "ಇಲ್ಲಿ ಒಂದು ಕಾಡ ಐತಿ. ಕಾಡಿನಾಗ ಕಟಗಿ ಮನಿ ಕಟ್ಯಾರ. ಒಂದ ವಾರ ಅಲ್ಲೇ ಇರೂದು. ನೀನೂ ಬಾ."

ನಾನು ಕಾಡಿಗೆ ಹೋಗುವ ಸುದ್ದಿ ಓಣಿಯೆಲ್ಲ ಆಯಿತು. ಎದುರು ಮನೆಯ ಸುಮಿತ್ರಾ ಬಾಗಿಲಲ್ಲಿ ನಿಂತು ಕೇಳಿದಳು: "ಅಲ್ಲಬೇ ಅಕ್ಕಾ, ಮಂದಿ ಕಾಡ ಬಿಟ್ಟ ಊರಿಗೆ ಬರ್ತಾರ. ನೀ ವಿಮಾನ ಹತ್ತಿ ಕಾಡಿಗೆ ಹೊಂಟೀಯಲ್ಲ. ಅಲ್ಲಿ ಏನ ನೋಡ್ತಿ?"

"ಏನ ಇರತೈತೋ ಅದನ್ನ ನೋಡಿ ಬರ್ತೇನಿ" ಎಂದೆ. ನಿಜ ಹೇಳಬೇಕೆಂದರೆ ನಾನು ಕಾಡು ನೋಡಿದವಳೇ ಅಲ್ಲ. ನಮ್ಮ ಕಡೆ ಬೇವು, ಜಾಲಿ, ಹೊಲದ ಬದುವಿನ ಬನ್ನಿಮರ, ಅಷ್ಟೇ. ಮಿಕ್ಕದ್ದೆಲ್ಲ ಆಕಾಶ.

ಕ್ಯಾಲೆಂಡರು ತೆಗೆದು ನೋಡಿದೆ. ಆ ವಾರದಲ್ಲೇ ಎಳ್ಳ ಅಮಾವಾಸ್ಯೆ ಬಿದ್ದಿತ್ತು. ಮದುವೆಯಾದಂದಿನಿಂದ ಆ ದಿನ ನಾನು ಹೊಲಕ್ಕೆ ಹೋಗದೆ ಇದ್ದದ್ದಿಲ್ಲ. ಕೇರಿದಷ್ಟು ಸಜ್ಜೆಯನ್ನು ಬೀಸಿಸಿಕೊಂಡು ಬಂದೆ. ಹಿಟ್ಟು, ಎಳ್ಳು, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿದೆ. ತುಪ್ಪ ತರಬೇಡ, ಅಲ್ಲಿ ಬಿಡುವುದಿಲ್ಲ ಎಂದು ಶೈಲಾ ಹೇಳಿದ್ದಳು. ಉಳಿದ ಅರ್ಧ ಚೀಲ ಹಾಗೆಯೇ ಉಳಿಯಿತು. ನಮ್ಮ ಮನೆಯವರು ಗಾಂಧಿ ಚೌಕದ ತಮ್ಮ ಪಾತ್ರೆ ಅಂಗಡಿಗೆ ಹೊರಟವರು ತಿರುಗಿ ನೋಡಿ, "ಅದನ್ನ ನಾ ಮುಟ್ಟೂದಿಲ್ಲ ನೋಡ, ನೀನ ಬಂದ ಮಾಡು" ಎಂದರು. ನಾನು ತಿರುಗಿ ಬರುತ್ತೇನೆ ಎಂಬ ನಂಬಿಕೆ ಅವರಿಗಿತ್ತಲ್ಲ, ಅದೂ ಒಂದು ಪುಣ್ಯ ಅಂದುಕೊಂಡೆ.

ಕಾಡಿನ ಬಾಗಿಲು

ಕಾಡಿಗೆ ಬಾಗಿಲು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇದಕ್ಕಿತ್ತು. ಬಾಗಿಲಲ್ಲಿ ಹೆಸರು ಕೇಳಿ, ಒಂದು ನಕಾಶೆ ಕೊಟ್ಟು ಒಳಗೆ ಬಿಟ್ಟರು. ಸಾಮಾನು ಇಳಿಸಿ ಕಾರನ್ನು ದೂರ ಬಿಟ್ಟು ಬರಬೇಕು. ಒಳಗೆ ಗಾಡಿಗಳಿಲ್ಲ. ಎಲ್ಲರೂ ಸೈಕಲ್ಲು. ಮುದುಕರೂ ಸೈಕಲ್ಲು, ಬಸುರಿಯರೂ ಸೈಕಲ್ಲು. ಸೈಕಲ್ಲಿನ ಹಿಂದೆ ಸಣ್ಣ ಬಂಡಿ ಕಟ್ಟಿ ಅದರೊಳಗೆ ಕೂಸುಗಳನ್ನು ಕೂರಿಸಿಕೊಂಡು ಹೋಗುತ್ತಾರೆ. ಕರುವನ್ನು ಬಂಡಿಗೆ ಹಾಕಿಕೊಂಡು ಸಂತೆಗೆ ಹೋದ ಹಾಗೆ ಕಾಣುತ್ತಿತ್ತು.

ಮರಗಳು ಮಾತ್ರ ಮರಗಳೇ. ತಲೆ ಎತ್ತಿದರೆ ಸೆರಗು ಜಾರುವಷ್ಟು ಎತ್ತರ. ಅರ್ಧದಷ್ಟು ಮರಗಳು ಎಲೆ ಉದುರಿ ಬೋಳಾಗಿದ್ದವು. ನೆಲದ ತುಂಬ ಕಂದು ಎಲೆ, ಒದ್ದೆ ಎಲೆ. ಬಿಸಿಲು ಮಧ್ಯಾಹ್ನ ಬರುತ್ತದೆ, ನಾವು ಚಹಾ ಕುಡಿಯುವ ಹೊತ್ತಿಗೆ ಹೋಗಿಬಿಡುತ್ತದೆ. ಇಷ್ಟು ಕಡಿಮೆ ಬಿಸಿಲಿನಲ್ಲಿ ಈ ಮಂದಿ ಹಪ್ಪಳ ಸಂಡಿಗೆ ಎಲ್ಲಿ ಒಣಗಿಸುತ್ತಾರೆ ಎಂದು ಕೇಳಿದೆ. "ಅವ್ರು ಹಪ್ಪಳ ಮಾಡೂದಿಲ್ಲ ಬೇ" ಎಂದಳು ಶೈಲಾ.

ಒಂದು ಸಂಗತಿ ಮನಸ್ಸಿಗೆ ಹಿಡಿಸಿತು. ಪ್ರತಿ ಮನೆಯ ಮುಂದೆಯೂ ಬೂಟುಗಳು ಸಾಲಾಗಿ ಹೊರಗೇ ಇದ್ದವು. ಕೆಸರು ಒಳಗೆ ಬರಬಾರದೆಂದು ಅವರು ಬಿಡುವುದು, ನಾವು ಮಡಿಗೆ ಬಿಡುವುದು. ಏನೇ ಇರಲಿ, ಬಾಗಿಲ ಹೊರಗೆ ಪಾದರಕ್ಷೆ ಕಂಡ ಕೂಡಲೇ ನನಗೆ ಊರಿಗೆ ಬಂದ ಹಾಗಾಯಿತು.

ಗೌರಿ ಅಷ್ಟು ದೊಡ್ಡವಳಾದರೂ ತಂಗಿಯ ತಳ್ಳುಗಾಡಿಯಲ್ಲಿ ಕಾಲು ಮಡಚಿ ಕುಳಿತಿದ್ದಳು. ನೀಲಾ ಅದರ ಪಕ್ಕ ಓಡುತ್ತಿದ್ದಳು. ನೋಡಿದವರು ಯಾರೂ ಏನೂ ಅನ್ನಲಿಲ್ಲ. ಆ ದೇಶದವರಿಗೆ ಅನ್ನದೆ ಇರುವುದು ಗೊತ್ತು. ನಮ್ಮ ಓಣಿಯಲ್ಲಾಗಿದ್ದರೆ ಮೂರು ಮನೆ ದಾಟುವುದರೊಳಗೆ ಐದು ಔಷಧಿ ಹೇಳುತ್ತಿದ್ದರು.

ಸಂಜೆ ನಾನು ಒಲೆ ಹಚ್ಚಿ ರೊಟ್ಟಿ ಬಡಿದೆ. ಎರಡನೆಯ ರೊಟ್ಟಿ ಹಂಚಿನ ಮೇಲೆ ಸ್ವಲ್ಪ ಹೊಗೆಯಾಡಿತು ನೋಡಿ, ಛಾವಣಿಯಲ್ಲಿದ್ದ ಬಿಳಿ ಬಿಲ್ಲೆಯೊಂದು ಕಿರುಚಲು ಶುರುಮಾಡಿತು. ಕಿವಿ ಹರಿಯುವಂಥ ಸಪ್ಪಳ. ಅಳಿಯಂದಿರು ಕುರ್ಚಿ ಹತ್ತಿ ಟವೆಲ್ಲು ಬೀಸಿದರು. ಶೈಲಾ ಕಿಟಕಿಗಳನ್ನೆಲ್ಲ ತೆರೆದಳು. ನೀಲಾ ಇದು ತನಗಾಗಿಯೇ ಮಾಡಿದ ಆಟವೆಂದು ಕುಣಿದಳು.

"ಅತ್ತೀ, ಇದು ಹೊಗಿ ಕಂಡ್ರ ಬೆಂಕಿ ಹತ್ತೇತಿ ಅಂತ ಒದರತೈತ್ರಿ" ಎಂದರು ಅಳಿಯಂದಿರು.

"ನಮ್ಮನ್ಯಾಗ ಇಂಥಾದ ಹಚ್ಚಿದ್ರ ದಿನಾ ಮೂರ ಹೊತ್ತು ಒದರತಿತ್ತು" ಎಂದೆ.

ಗೌರಿ ನಕ್ಕಳು. ನಾನು ಬಂದಮೇಲೆ ಅವಳು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಆ ಬಿಲ್ಲೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಎರಡನೆಯ ದಿನ, ನಾನು ಮಾಡಿದ ತಪ್ಪು

ಈ ಕಾಡಿನಲ್ಲಿ ಮಕ್ಕಳಿಗೆ ಏನೇನು ಆಟ ಇಟ್ಟಿದ್ದಾರೋ ಲೆಕ್ಕವಿಲ್ಲ. ಮರದಿಂದ ಮರಕ್ಕೆ ಹಗ್ಗದ ಸೇತುವೆ ಕಟ್ಟಿದ್ದಾರೆ. ಸಣ್ಣವರಿಗೆ ನೆಲಕ್ಕೆ ಹತ್ತಿರ, ದೊಡ್ಡವರಿಗೆ ಆಕಾಶಕ್ಕೆ ಹತ್ತಿರ. ಸೊಂಟಕ್ಕೆ ಪಟ್ಟಿ, ತಲೆಗೆ ಟೊಪ್ಪಿಗೆ. ಕೆಳಗೆ ತಾಯಂದಿರು ಕಾಫಿ ಕುಡಿಯುತ್ತ, ಮೇಲೆ ಒದ್ದಾಡುತ್ತಿರುವ ತಮ್ಮ ಮಗನಿಗೆ "ಭೇಷ್, ಭೇಷ್" ಎಂಬ ಅರ್ಥದ್ದೇನೋ ಹೇಳುತ್ತಿರುತ್ತಾರೆ. ಇಳಿದು ಬಾ ಎಂದು ಯಾರೂ ಕೂಗುವುದಿಲ್ಲ. ನಾನಂತೂ ಕಂಡವರ ಮಕ್ಕಳಿಗಾಗಿ ಷಡಕ್ಷರಿ ಜಪಿಸುತ್ತ ಕುಳಿತೆ.

ಒಂದು ದೊಡ್ಡ ಗಾಜಿನ ಮನೆಯೂ ಇದೆ, ಒಳಗೆ ಬೆಚ್ಚಗಿನ ನೀರಿನ ಕೊಳ. ಹೊರಗೆ ಕೈ ಮರಗಟ್ಟುವ ಚಳಿ, ಒಳಗೆ ನಮ್ಮ ಯುಗಾದಿಯ ಸೆಕೆ. ಶೈಲಾ ಗೌರಿಯನ್ನು ನೀರಿಗಿಳಿಸಿದಳು. ನೀರಿನಲ್ಲಿ ಅವಳು ಮೀನು. ಕಾಲು ಬಡಿದಳು, ಕುಪ್ಪಳಿಸಿದಳು. ನೀರಿನಿಂದ ಮೆಟ್ಟಿಲು ಹತ್ತಿ ಹೊರಗೆ ಬಂದ ಕೂಡಲೇ ಮತ್ತೆ ತಾಯಿಯ ಮೊಣಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಅದನ್ನು ನೋಡಿ ನನಗೆ ಬುದ್ಧಿ ಓಡಿತು. ಕಾಲು ಸರಿ ಇದೆ, ಹೆದರಿಕೆ ಮಾತ್ರ. ನಮ್ಮಲ್ಲಿ ಕೂಸಿಗೆ ನಡೆಯಲು ಕಲಿಸುವಾಗ ಏನು ಮಾಡುತ್ತೇವೆ? ಬೆರಳು ಹಿಡಿಸಿ ನಡೆಸುತ್ತೇವೆ, ನಡುವೆ ಅದಕ್ಕೆ ತಿಳಿಯದ ಹಾಗೆ ಬೆರಳು ಬಿಡಿಸಿಕೊಳ್ಳುತ್ತೇವೆ. ಶೈಲಾಗೂ ನಾನು ಹಾಗೆಯೇ ಕಲಿಸಿದ್ದು.

ಮನೆಗೆ ಮರಳುವಾಗ ಗೌರಿ ನನ್ನ ಕೈ ಹಿಡಿದಿದ್ದಳು. ಅವಳ ಕೈಗೆ ಉಣ್ಣೆಯ ಗವಸು, ನನ್ನ ಕೈಗೂ ಗವಸು. ಮಾತಾಡಿಸುತ್ತ, ಅಳಿಲು ತೋರಿಸುತ್ತ, ನಾನು ಗವಸನ್ನು ಅವಳ ಕೈಯಲ್ಲೇ ಬಿಟ್ಟು ನನ್ನ ಕೈಯನ್ನು ಮೆಲ್ಲಗೆ ಹೊರಗೆ ತೆಗೆದೆ. ಎರಡು ಹೆಜ್ಜೆ ನಡೆದಳು. ಮೂರನೆಯದು ಇಡುವಾಗ ಕೈಯೊಳಗಿನ ಗವಸು ಜೋತು ಬಿತ್ತು. ನೋಡಿದಳು. ಅದು ಖಾಲಿ ಇತ್ತು.

ಅವಳು ಬೀಳಲಿಲ್ಲ, ಅದು ದೇವರ ದಯೆ. ಕೆಸರಿನಲ್ಲಿ ಕುಳಿತಳು. ಅತ್ತದ್ದು ಕೂಡ ಜೋರಾಗಿ ಅಲ್ಲ. ತುಟಿ ಕಚ್ಚಿಕೊಂಡು, ಆ ಗವಸನ್ನು ನನಗೆ ತಿರುಗಿ ಕೊಟ್ಟಳು.

"ಗೌರೀ, ಆಯಿದು ತಪ್ಪಾತು ಬಾರವ್ವಾ" ಎಂದು ಕೈ ಚಾಚಿದೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

"ಆಯಿ ಕೈ ಬ್ಯಾಡ" ಎಂದಳು ತಾಯಿಗೆ. "ಆಯಿ ಬಿಟ್ಟಬಿಡ್ತಾಳ."

ಶೈಲಾ ಅವಳನ್ನು ಎತ್ತಿಕೊಂಡು ಮುಂದೆ ನಡೆದಳು. ಸ್ವಲ್ಪ ದೂರ ಹೋದಮೇಲೆ ತಿರುಗದೆಯೇ ಹೇಳಿದಳು: "ಎರಡ ತಿಂಗಳಿಂದ ನಾ ಆಕೀಗೆ ಒಂದ ಮಾತ ಹೇಳೇನಿ ಬೇ. ನೀ ಬಿಡೂ ತನಕ ನಾ ಬಿಡೂದಿಲ್ಲ ಅಂತ. ನೀ ಒಂದ ನಿಮಿಷದಾಗ ಅದನ್ನ ಸುಳ್ಳ ಮಾಡಿದಿ."

ಐದು ಸಾವಿರ ಮೈಲಿ ದಾಟಿ ಬಂದವಳು ಗೌರಿಯ ಕೈಗೇ ದೂರವಾದೆ.

ಮರುದಿನವೆಲ್ಲ ಗೌರಿ ನನ್ನೊಂದಿಗೆ ಮಾತಾಡಿದಳು, ನನ್ನ ಕೈಯಿಂದ ಹೋಳಿಗೆ ತಿಂದಳು, ಜಡೆಯನ್ನೂ ಹಾಕಿಸಿಕೊಂಡಳು. ಏಳುವ ಹೊತ್ತಿಗೆ ಮಾತ್ರ ನನ್ನ ಕೈಯನ್ನು ದಾಟಿ ಕುರ್ಚಿಯ ಹಿಡಿಕೆ ಹಿಡಿಯುತ್ತಿದ್ದಳು.

ಎಳ್ಳ ಅಮಾವಾಸ್ಯೆ

ನಮ್ಮ ಸೀಮೆಯವರಿಗೆ ಎಳ್ಳ ಅಮಾವಾಸ್ಯೆ ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಜೋಳ ಎದೆಯುದ್ದ ನಿಂತಿರುತ್ತದೆ. ಬನ್ನಿಮರದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತೇವೆ. ಆಮೇಲೆ ಸಜ್ಜೆಯ ಕಡಬು, ರೊಟ್ಟಿ, ಪಲ್ಯ, ಮೊಸರನ್ನ ಎಲ್ಲ ಕಲಸಿ ಭೂಮಿತಾಯಿಗೆ ಉಣಿಸುತ್ತೇವೆ. ಒಬ್ಬರು ಮುಂದೆ ನಡೆಯುತ್ತ "ಹುಲ್ಲುಲ್ಲಿಗೋ" ಎಂದು ಕೂಗಿ ಅನ್ನ ಚೆಲ್ಲುತ್ತಾರೆ. ಇನ್ನೊಬ್ಬರು ಹಿಂದೆ "ಸಲಾಂಬ್ರಿಗೋ" ಎನ್ನುತ್ತ ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ಅದೇ ಚರಗ. ಆ ಮಾತುಗಳ ಅರ್ಥ ನನ್ನ ಅತ್ತೆಗೂ ಗೊತ್ತಿರಲಿಲ್ಲ. ಭೂಮಿ ಬಸುರಿ, ಬಸುರಿಗೆ ಬಯಕೆಯೂಟ, ಅಷ್ಟು ಗೊತ್ತಿದ್ದರೆ ಸಾಕು ಎನ್ನುತ್ತಿದ್ದರು.

ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅಡುಗೆಗೆ ನಿಂತೆ. ಸಜ್ಜೆಯ ಕಡಬು ಕುದಿಸಿಕೊಂಡು, ರೊಟ್ಟಿಯನ್ನು ಸಣ್ಣ ಉರಿಯಲ್ಲಿ, ಕಿಟಕಿ ತೆರೆದು, ಬಿಲ್ಲೆಗೆ ಎಚ್ಚರವಾಗದ ಹಾಗೆ ಬೇಯಿಸಿದೆ. ಪುಂಡಿಪಲ್ಲೆಯ ಸೊಪ್ಪು ಎಲ್ಲಿಂದ ತರಲಿ, ಬದನೆಕಾಯಿಗೇ ಖಾರ ಹಾಕಿದೆ. ಮನೆಯ ಮುಂದೆ, ಅಂಗಳದ ತುದಿಯ ಒಂದು ದೊಡ್ಡ ಮರದ ಬುಡದಲ್ಲಿ ಐದು ಕಲ್ಲು ಜೋಡಿಸಿ, ಸುಣ್ಣದ ಬದಲು ವಿಭೂತಿ ಹಚ್ಚಿದೆ. ಕೈ ಮುಗಿದು ಒಂದೇ ಮಾತು ಕೇಳಿಕೊಂಡೆ: "ತಾಯೀ, ಈ ನೆಲಾನೂ ನಿಂದ. ಈ ಕೂಸಿನ ಪಾದ ನಿನ್ನ ಮ್ಯಾಲ ಧೈರ್ಯಾದಿಂದ ಊರೂ ಹಂಗ ಮಾಡು."

ಶೈಲಾ ಗೌರಿಯನ್ನು ಕಂಬಳಿ ಹೊದಿಸಿ ಮುಂಗಟ್ಟೆಯ ಕುರ್ಚಿಯಲ್ಲಿ ಕೂರಿಸಿದಳು. ಕೆಳಗೆ ಮೂರು ಮೆಟ್ಟಿಲು, ಆಮೇಲೆ ಎಲೆ ತುಂಬಿದ ಅಂಗಳ. ನೀರಿನ ತಂಬಿಗೆ ಅಳಿಯಂದಿರ ಪಾಲಿಗೆ ಬಂತು. ಅವರು ಶೈಲಾಳ ಕಡೆ ನೋಡಿ ಸಣ್ಣ ದನಿಯಲ್ಲಿ, "ಪ್ರಾಣಿಗೊಳಿಗೆ ತಿನ್ನಾಕ ಹಾಕಬ್ಯಾಡ್ರಿ ಅಂತ ಬೋರ್ಡ್ ಐತಲ್ಲ" ಎಂದರು. ಆ ಹಲಗೆಯನ್ನು ನಾನೂ ನೋಡಿದ್ದೆ. ಜಿಂಕೆ, ಕೈ, ಮೇಲೊಂದು ಕೆಂಪು ಗೆರೆ. ಜಿಂಕೆಯನ್ನು ಮುಟ್ಟಬಾರದು ಎಂದು ತಿಳಿದುಕೊಂಡಿದ್ದೆ.

"ನಾ ಪ್ರಾಣಿಗೆ ಹಾಕಾಕತ್ತಿಲ್ಲರಿ" ಎಂದೆ. "ಭೂಮಿಗೆ ಹಾಕಾಕತ್ತೇನಿ."

"ಒಂದ ಸ್ವಲ್ಪ ಚೆಲ್ಲಲಿ ಬಿಡ್ರಿ, ವರ್ಷದ ಹಬ್ಬ" ಎಂದಳು ಮಗಳು.

ಬುಟ್ಟಿ ಕಂಕುಳಲ್ಲಿಟ್ಟು ಹೊರಟೆ. "ಹುಲ್ಲುಲ್ಲಿಗೋ" ಎಂದು ನಾನು ಕೂಗಿದರೆ ಹಿಂದಿನಿಂದ ಅಳಿಯಂದಿರ "ಸಲಾಂಬ್ರಿಗೋ" ಗುಟ್ಟು ಹೇಳಿದ ಹಾಗೆ ಬಂತು. ಪಕ್ಕದ ಮನೆಯವರು ಕೇಳಿಯಾರೆಂದು ಪಾಪ ನಾಚಿಕೆ.

"ಅಳಿಯಂದಿರ, ಹಂಗ ಕಿವ್ಯಾಗ ಹೇಳಿದ್ರ ಭೂಮಿತಾಯಿಗೆ ಹೆಂಗ ಕೇಳಸ್ತೈತ್ರಿ?"

ಆಗ ಮುಂಗಟ್ಟೆಯಿಂದ ಗೌರಿ ಗಂಟಲು ಬಿಟ್ಟು ಕೂಗಿದಳು: "ಸಲಾಂಬ್ರಿಗೋ." ಕಾಡು ಅದನ್ನು ಎರಡು ಸಲ ತಿರುಗಿ ಹೇಳಿತು. ಆಮೇಲೆ ಅಳಿಯಂದಿರು ನೀರು ಚಿಮುಕಿಸುವುದಕ್ಕೆ ಮಾತ್ರ ಉಳಿದರು. ಕೂಗುವ ಕೆಲಸ ಅವಳೇ ವಹಿಸಿಕೊಂಡಳು. ನಾನು ಅಂಗಳದ ತುದಿಯವರೆಗೆ ಚೆಲ್ಲಿ ತಿರುಗಿ ಬರುವಾಗ, ಹಸಿರು ಕೋಟಿನ ಹೆಂಗಸೊಬ್ಬಳು ಸೈಕಲ್ಲಿನಿಂದ ಇಳಿಯುತ್ತಿದ್ದಳು.

ವಯಸ್ಸಿನಲ್ಲಿ ನನಗಿಂತ ಹಿರಿಯಳು. ಬಿಳಿ ಕೂದಲಿನ ಒಂದು ಜಡೆ. ಕಾಡು ನೋಡಿಕೊಳ್ಳುವವಳಂತೆ. ಬೈಯುತ್ತಾಳೆ ಅಂದುಕೊಂಡೆ. ಅವಳು ಮೊದಲು ಗೌರಿಗೆ ಕೈ ಬೀಸಿದಳು, ಆಮೇಲೆ ಬಗ್ಗಿ ಒಂದು ಕಡಬಿನ ಚೂರು ಎತ್ತಿ ಮೂಸಿ ನೋಡಿದಳು. ಶೈಲಾ ಎಲ್ಲ ವಿವರಿಸಿದಳು. ಹೆಂಗಸು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಏನೋ ಮೆತ್ತಗೆ ಹೇಳಿದಳು.

"ಏನಂತ?" ಎಂದೆ.

"ಹಬ್ಬ ಭಾಳ ಚಂದ ಐತಿ ಅಂತ. ಆದ್ರ ಈ ಖಾರ, ಉಪ್ಪು ಜಿಂಕಿ ಹೊಟ್ಟಿಗೆ ಆಗೂದಿಲ್ಲಂತ. ಸಂಜೀಕ ಇಲ್ಲೇ ಬರ್ತಾವಂತ. ಎಲ್ಲಾ ಆರಿಸಿ ತಗೀಬೇಕಂತ."

ಭೂಮಿಗೆ ಕೊಟ್ಟ ಚರಗವನ್ನು ತಿರುಗಿ ಎತ್ತುವುದು ಎಲ್ಲಾದರೂ ಉಂಟೇ? ಚೆಲ್ಲಿದ ಮೇಲೆ ಅದು ನಮ್ಮದಲ್ಲ. ಮೇಲಾಗಿ ಆ ದಿನ ನಾನು ಕೇಳಿದ್ದು ಎಂಥ ಮಾತು. ಕೊಟ್ಟದ್ದನ್ನು ನಾನು ಕಸಿದುಕೊಂಡರೆ, ಕೇಳಿದ್ದನ್ನು ಭೂಮಿತಾಯಿ ಕೊಡುವಳೇ?

"ಶೈಲಾ, ಹೊಳ್ಳಿ ತಗೋಬಾರದು" ಎಂದೆ.

"ಯವ್ವಾ, ಒಂದ ಜಿಂಕಿ ಹೊಟ್ಟಿಬ್ಯಾನಿ ಹಚ್ಚಕೊಂಡ್ರ ಭೂಮಿತಾಯಿ ನಕ್ಕೋಂತ ಕುಂಡ್ರತಾಳೇನು? ಅದೂ ಆಕೀ ಕೂಸ ಅಲ್ಲೇನು?"

ಅಷ್ಟರಲ್ಲಿ ಆ ಹೆಂಗಸು ತಾನೇ ಮೊಣಕಾಲೂರಿ ಆರಿಸತೊಡಗಿದ್ದಳು. ನನಗಿಂತ ಹಿರಿಯಳು ನನ್ನ ತಪ್ಪಿಗೆ ನೆಲಕ್ಕೆ ಬಗ್ಗುವುದನ್ನು ನೋಡಿ ನಿಲ್ಲಲಾಗಲಿಲ್ಲ. "ತಾಯೀ, ಸಿಟ್ಟಾಗಬ್ಯಾಡ" ಎಂದುಕೊಂಡು ಕುಳಿತೆ.

ಆರಿಸಿ ನೋಡಿದರೆ ಗೊತ್ತು. ಸಜ್ಜೆಯ ಬಣ್ಣವೂ ಕಂದು, ಉದುರಿದ ಎಲೆಯ ಬಣ್ಣವೂ ಕಂದು. ನನ್ನ ಕನ್ನಡಕ ಒಳಗಿತ್ತು. ಕಡಬೆಂದು ಎತ್ತಿದರೆ ತೊಗಟೆ, ತೊಗಟೆಯೆಂದು ಬಿಟ್ಟರೆ ಕಡಬು. ನೀಲಾ ಒಂದು ಚೂರು ಆರಿಸಿದಳು, ಬಾಯಿಗೆ ಹಾಕಿಕೊಂಡಳು. ಅಳಿಯಂದಿರು ಅವಳ ಬಾಯಿಂದ ತೆಗೆಯುವುದರೊಳಗೆ ಇನ್ನೊಂದು ಹುಡುಕಿದ್ದಳು.

"ಆಯಿ, ಅಲ್ಲಿ ಐತಿ" ಎಂದಳು ಗೌರಿ ಮೇಲಿನಿಂದ.

"ಎಲ್ಲಿ?"

"ಅಲ್ಲಿ. ನಿನ್ನ ಕಾಲ ಹಂತೇಲಿ. ಅದಲ್ಲ, ಈ ಕಡಿ. ಆಯಿ, ನಿನಗ ಕಾಣಸೂದಿಲ್ಲ."

"ಹೌದ ನೋಡವ್ವಾ, ನನಗ ಕಾಣಸವಲ್ದು."

ಸುಳ್ಳಲ್ಲ ಅದು. ನಿಜವಾಗಿಯೂ ಕಾಣುತ್ತಿರಲಿಲ್ಲ. ಅವಳು ಅಲ್ಲಿ, ಇಲ್ಲಿ ಎಂದು ಹೇಳಿ ಹೇಳಿ ಬೇಸತ್ತಳು. ಕಂಬಳಿ ಸರಿಸಿದಳು. ಮೂರು ಮೆಟ್ಟಿಲನ್ನು ಕುಳಿತುಕೊಂಡೇ ಒಂದೊಂದಾಗಿ ಇಳಿದಳು. ಕೊನೆಯ ಮೆಟ್ಟಿಲ ಬಳಿಯ ಚೂರನ್ನು ಎತ್ತಿ ನನ್ನ ಬುಟ್ಟಿಗೆ ಎಸೆದಳು. ಎರಡನೆಯದು ಸ್ವಲ್ಪ ದೂರವಿತ್ತು. ನೆಲಕ್ಕೆ ಕೈಯೂರಿ ಎದ್ದಳು, ಹೋದಳು, ಬಗ್ಗಿದಳು, ಎತ್ತಿದಳು. ಮೂರನೆಯದು ಇನ್ನೂ ದೂರ.

ಅವಳು ಏನನ್ನೂ ಹಿಡಿದಿರಲಿಲ್ಲ.

ಶೈಲಾ ಸ್ವೆಟರಿನ ತೋಳನ್ನು ಬಾಯಿಗೊತ್ತಿಕೊಂಡಳು. ಅಳಿಯಂದಿರು ನೀಲಾಳನ್ನು ಎತ್ತಿಕೊಂಡು ಕಲ್ಲಿನಂತೆ ನಿಂತರು. ಹಸಿರು ಕೋಟಿನಾಕೆಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ನಮ್ಮ ಮುಖ ನೋಡಿ ಏನೋ ತಿಳಿದುಕೊಂಡು, ಆರಿಸುವುದನ್ನು ಮೆಲ್ಲಗೆ ನಿಲ್ಲಿಸಿ, ಬೂಟಿನ ದಾರ ಕಟ್ಟಿಕೊಳ್ಳುವವಳ ಹಾಗೆ ಕುಳಿತಳು.

ಅಂಗಳದ ಈ ಕಡೆಯ ಚೂರುಗಳು ಮುಗಿಯುತ್ತ ಬಂದವು. ಮುಗಿದರೆ ಅವಳು ತಲೆ ಎತ್ತುವಳು, ತಲೆ ಎತ್ತಿದರೆ ತಾನು ಏನನ್ನೂ ಹಿಡಿದಿಲ್ಲವೆಂದು ನೆನಪಾಗುವುದು. ಆಗ ನಾನೊಂದು ಕೆಲಸ ಮಾಡಿದೆ. ಅವಳಿಗೆ ಬೆನ್ನು ಮಾಡಿ ಕುಳಿತು, ಬುಟ್ಟಿಯಿಂದ ನಾಲ್ಕು ಚೂರು ತೆಗೆದು ಮುಂದಕ್ಕೆ ಚೆಲ್ಲಿದೆ. ಅವಳು ಬಂದು ಆರಿಸಿದಳು. ಸರಿದು ಮತ್ತೆ ನಾಲ್ಕು ಚೆಲ್ಲಿದೆ. ಬಾಯಲ್ಲಿ ಕೂಗಲಿಲ್ಲ, ಮನಸ್ಸಿನಲ್ಲಿ ಹುಲ್ಲುಲ್ಲಿಗೋ ಎಂದೆ. ಹೀಗೆ ಐದು ಕಲ್ಲಿಟ್ಟ ಮರದ ಬುಡದವರೆಗೆ ಹೋದೆವು, ನಾನು ಚೆಲ್ಲುತ್ತ, ಅವಳು ಆರಿಸುತ್ತ. ಎಷ್ಟು ಹೆಜ್ಜೆ ಎಂದು ಆಮೇಲೆ ಶೈಲಾ ಕೇಳಿದಳು. ನಾನು ಎಣಿಸಲಿಲ್ಲ. ದೇವರು ಕೊಟ್ಟದ್ದನ್ನು ದಿನಾ ರಾತ್ರಿ ಎಣಿಸಿ ಮಲಗುವವಳು ನಾನು. ಇದನ್ನು ಮಾತ್ರ ದೃಷ್ಟಿಯಾದೀತೆಂದು ಎಣಿಸಲಿಲ್ಲ.

ತಿಪ್ಪೆ

ಬುಟ್ಟಿ ತುಂಬಿತು. ಈಗ ಅದನ್ನು ಏನು ಮಾಡುವುದು? ಕಸದ ಡಬ್ಬಿಗೆ ಹಾಕಲು ನನ್ನ ಪ್ರಾಣ ಹೋದರೂ ಆಗದು. ಶೈಲಾ ಕೇಳಿದಳು. ಹಸಿರು ಕೋಟಿನಾಕೆ ಮನೆಗಳ ಹಿಂದೆ ಬೇಲಿ ಕಟ್ಟಿದ ಒಂದು ಕಾಯಿಪಲ್ಯೆಯ ಮಡಿ ತೋರಿಸಿದಳು. ಅದರ ಮೂಲೆಯಲ್ಲಿ ಹಲಗೆ ಹೊಡೆದ ದೊಡ್ಡ ಪೆಟ್ಟಿಗೆ. ಒಳಗೆ ಎಲೆ, ಸಿಪ್ಪೆ, ಕೊಳೆತ ಹುಲ್ಲು. ಜಿಂಕೆಗಳು ಒಳಗೆ ಬರಲಾರವು. ಮಳೆಗಾಲ ಕಳೆದರೆ ಎಲ್ಲ ಮಣ್ಣು.

"ತಿಪ್ಪಿ" ಎಂದೆ ನಾನು. ನಮ್ಮ ಹೊಲದ ಮೂಲೆಯಲ್ಲಿ ಇರುವುದೇ ಇಲ್ಲಿಯೂ ಇತ್ತು. ಚರಗ ಭೂಮಿಗೇ ಹೋಗುವುದು, ಸ್ವಲ್ಪ ಸುತ್ತು ಹಾಕಿ ಹೋಗುವುದು, ಅಷ್ಟೇ.

"ನಾ ಒಯ್ತೇನಿ" ಎಂದಳು ಗೌರಿ.

ಶೈಲಾ ಬುಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಬುಟ್ಟಿ ಕೊಟ್ಟೆ. ಎರಡೂ ಕೈ ಬೇಕು ಆ ಬುಟ್ಟಿಗೆ. ಎದೆಗೆ ಅವಚಿಕೊಂಡು, ಗದ್ದವನ್ನು ಅಂಚಿಗೆ ಒತ್ತಿ, ಅವಳು ನಡೆದಳು. ಮುಂದೆ ಅವಳು, ಹಿಂದೆ ನಾನು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಒಮ್ಮೆ ನಿಂತಳು. ಹಿಂದೆ ತಿರುಗದೆ ಕೇಳಿದಳು: "ಆಯಿ, ಇದ್ದೀಯೇನು?"

"ಇದ್ದೇನವ್ವಾ. ನಿನ್ನ ಹಿಂದ ಇದ್ದೇನಿ."

ಮತ್ತೆ ನಡೆದಳು. ಪೆಟ್ಟಿಗೆಗೆ ಬುಟ್ಟಿ ಬೋರಲು ಹಾಕಿ, ಯಾರೂ ಹೇಳಿಕೊಡದೆ, "ಸಲಾಂಬ್ರಿಗೋ" ಎಂದಳು, ಸಣ್ಣ ದನಿಯಲ್ಲಿ.

ಮರಳುವಾಗ ಖಾಲಿ ಬುಟ್ಟಿ ಒಂದು ಕೈಯಲ್ಲಿತ್ತು, ಇನ್ನೊಂದು ಕೈ ಬಿಡುವಾಗಿತ್ತು. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಚಾಚಲು ಧೈರ್ಯವಿರಲಿಲ್ಲ. ಅವಳು ನನ್ನ ಪಾದಗಳನ್ನು ನೋಡಿದಳು. ಕಾಲುಚೀಲದ ಮೇಲೆ ಊರಿನ ಚಪ್ಪಲಿ ಮೆಟ್ಟಿದ್ದೆ, ಅದಕ್ಕೆ ಕೆಸರು ಮೆತ್ತಿತ್ತು.

"ಆಯಿ, ಜಾರತೈತಿ. ನೀ ಬೀಳ್ತಿ" ಎಂದಳು. ಸೆರಗಿನೊಳಗೆ ಕೈ ಹಾಕಿ, ನನ್ನ ಬೆರಳು ಹುಡುಕಿ ಹಿಡಿದಳು. "ನಾ ಬಿಡೂದಿಲ್ಲ."

ಮನೆಯೊಳಗೆ ಹೋಗಿ ಅವಳಿಗೆ ದೃಷ್ಟಿ ತೆಗೆದೆ. ಉಪ್ಪಷ್ಟನ್ನೇ ನಿವಾಳಿಸಿದೆ. ಮೆಣಸಿನಕಾಯಿ ಸುಟ್ಟರೆ ಬಿಲ್ಲೆ ಒದರುತ್ತದಲ್ಲ.

ಮತ್ತೆ ಹಿತ್ತಲು

ಊರಿಗೆ ಬಂದು ಎರಡನೆಯ ದಿನ ಶೈಲಾ ಫೋನಿಗೆ ಒಂದು ಚಿತ್ರ ಕಳಿಸಿದಳು. ಶಾಲೆಯ ಬಾಗಿಲು, ಬೆನ್ನಿಗೆ ಚೀಲ ಹಾಕಿಕೊಂಡ ಗೌರಿ, ಹಿಂದಿನಿಂದ ತೆಗೆದದ್ದು. ಎರಡೂ ಕೈ ಚೀಲದ ಪಟ್ಟಿಯ ಮೇಲಿದ್ದವು. ಬೇರೆ ಯಾರ ಕೈಯೂ ಚಿತ್ರದಲ್ಲಿರಲಿಲ್ಲ. ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಅಂಗಡಿಗೆ ಹೋದರು.

ಸುಮಿತ್ರಾ ಚಹಾದ ಹೊತ್ತಿಗೆ ಬಂದಳು. "ಹೇಳಬೇ ಅಕ್ಕಾ, ಅಷ್ಟ ದೂರ ಹೋಗಿದ್ಯಲ್ಲ. ಕಾಡಿನಾಗ ಏನ ನೋಡಿದಿ?"

"ತಿಪ್ಪಿ ನೋಡಿದೆ" ಎಂದೆ.

"ತಿಪ್ಪಿ ನೋಡಾಕ ಅಷ್ಟ ದೂರ ಹೋಗಿದ್ದೇನು? ನಮ್ಮ ಹೊಲದಾಗ ಇರಲಿಲ್ಲೇನು?"

"ಇತ್ತು. ಆದ್ರ ಅಲ್ಲಿ ತನಕ ನನ್ನ ಮೊಮ್ಮಗಳು ನಡಕೊಂಡ ಹೋದ್ಲು."

ಅವಳು ಕುಡಿಯುತ್ತಿದ್ದ ಬಟ್ಟಲನ್ನು ಕೆಳಗಿಟ್ಟು ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. ಉಳಿದ ಅರ್ಧ ಚೀಲ ಸಜ್ಜೆ ಮೂಲೆಯಲ್ಲಿ ಇಟ್ಟಲ್ಲೇ ಇತ್ತು, ಮನೆಯವರು ಹೇಳಿದಂತೆ ಮುಟ್ಟಿರಲಿಲ್ಲ. ನುಸಿ ಹತ್ತಿರಲಿಲ್ಲ, ಅದೂ ಒಂದು ಪುಣ್ಯ. ಚೀಲದ ಬಾಯಿ ಬಿಚ್ಚಿ ಮೊರಕ್ಕೆ ಸುರುವಿಕೊಂಡೆ. ಗುಬ್ಬಿಗಳಿಗೆಂದು ಒಂದು ಹಿಡಿ ಅಂಗಳಕ್ಕೆ ಚೆಲ್ಲಿ ಕೇರಲು ಶುರುಮಾಡಿದೆ.